ಮೂರು ಮಿಳ್ಳೆ ಕೆನೆ, ಮೂರು ಮಿಳ್ಳೆ ನೀರು

ಊರೊಂದಿತ್ತು. ಊರು ಅಂದಮೇಲೆ ಅಲ್ಲೊಬ್ಬ ಉಳ್ಳವ ಇರಲೇಬೇಕು. ಇದ್ದ. ಹಿಂದೆ ಕಂಬದ ಆಚೆ ಕೂತವರಿಗೆ ಕೇಳಿಸುತ್ತಿದೆಯೇ? ಅಲ್ಲಿಯವರೆಗೆ ಮುಟ್ಟದ ಮಾತು ಆಡಿ ಪ್ರಯೋಜನವಿಲ್ಲ. ಇವತ್ತಿನ ಮಾತಂತೂ ಮುಖ್ಯವಾಗಿ ಹಿಂದೆ ಕೂತವರದೇ.

ಅವನನ್ನು ಊರವರು ಸಾವ್ಕಾರ ಎನ್ನುತ್ತಿದ್ದರು. ಅವನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಅವನ ಮನೆ ಯಾವ ಓಣಿ, ಬೀಗರು ಯಾವ ಊರು ಎಂದು ಹುಡುಕುತ್ತೀರಿ. ಹುಡುಕಿ ಸಿಕ್ಕಮೇಲೆ, ಇದು ಅವನ ಕಥೆ, ನಮ್ಮದಲ್ಲ ಎಂದು ನೆಮ್ಮದಿಯಾಗಿ ಮನೆಗೆ ಹೋಗುತ್ತೀರಿ. ಕಥೆಯಲ್ಲಿ ಇಬ್ಬರು ಹೆಂಗಸರಿದ್ದಾರೆ. ಅವರ ಹೆಸರು ಹೇಳುತ್ತೇನೆ. ಒಬ್ಬಳು ಫಕೀರವ್ವ, ಸೂಲಗಿತ್ತಿ. ಇನ್ನೊಬ್ಬಳು ಬಾಳವ್ವ, ಸಾವ್ಕಾರನ ಮನೆಯಲ್ಲಿ ಕಸ ಮುಸುರೆ ಮಾಡುವವಳು.

ಆಗ ಹಾಲು ಬಾಟಲಿಯಲ್ಲಿ ಬರುತ್ತಿತ್ತು. ಇಲ್ಲಿರುವ ಹಿರಿಯರು ಕೆಲವರಿಗೆ ನೆನಪಿರಬಹುದು. ಡೇರಿಯ ಗಾಡಿ ಬೆಳಗಿನ ಆರಕ್ಕೆ ಬಂದು ಗಾಜಿನ ಬಾಟಲಿ ಇಟ್ಟು, ಹಿಂದಿನ ದಿನದ ಖಾಲಿ ಬಾಟಲಿ ಒಯ್ಯುತ್ತಿತ್ತು. ಬಾಯಿಗೆ ತಗಡಿನಷ್ಟು ತೆಳ್ಳಗಿನ ಬೆಳ್ಳಿಬಣ್ಣದ ಮುಚ್ಚಳ. ಬಾಟಲಿಯನ್ನು ಅಲುಗಾಡಿಸದೆ ಸ್ವಲ್ಪ ಹೊತ್ತು ಬಿಟ್ಟರೆ ಕುತ್ತಿಗೆಯಲ್ಲಿ ಹಳದಿ ಮಿಶ್ರಿತ ಒಂದು ಪಟ್ಟಿ ನಿಲ್ಲುತ್ತಿತ್ತು. ಅದು ಕೆನೆ. ಕಾಯಿಸದೆ, ಕಲಕದೆ, ಯಾರೂ ಕೇಳದೆ ಹಾಲು ತಾನಾಗಿ ಮೇಲಕ್ಕೆ ಕಳಿಸುವಂಥದ್ದು.

ಸಾವ್ಕಾರನ ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ಎರಡು ಹಗಲು, ಎರಡು ರಾತ್ರಿ. ಕೂಸು ಅಡ್ಡ ಬಿದ್ದಿತ್ತು. ಫಕೀರವ್ವ ಬಂದಳು, ಬಾಗಿಲು ಹಾಕಿಕೊಂಡಳು, ಹೊತ್ತು ಇಳಿಯುವುದರೊಳಗೆ ತಾಯಿಯನ್ನೂ ಗಂಡುಕೂಸನ್ನೂ ಉಳಿಸಿಕೊಟ್ಟಳು. ಸಾವ್ಕಾರ ಅವತ್ತೇ ಮಠಕ್ಕೆ ಹೋಗಿ ಅಲ್ಲಿನ ಸ್ವಾಮಿಗಳಾದ ಅಜ್ಜಾರ ಪಾದದ ಮುಂದೆ ನಿಂತು ಹೇಳಿದ.

“ಅಜ್ಜಾರ, ನನ್ನ ಉಸಿರಿರೂತನಕ ಫಕೀರವ್ವನ ಮನೀಗೆ ದಿನಾ ಒಂದು ಬಾಟ್ಲಿ ಹಾಲು. ಮೀಸಲು.”

ಮೀಸಲು ಅಂದರೆ ಏನು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಾನು ಬಾಯಿಗೆ ಹಾಕಿಕೊಳ್ಳುವ ಮೊದಲು ತೆಗೆದಿಡುವುದು. ಎಂಜಲಾಗಬಾರದು, ಮೂಸಿ ಕೂಡ ನೋಡಬಾರದು. ಕೊಡಬೇಕಾದವರಿಗೆ ಮುಟ್ಟಿದ ಮೇಲೆಯೇ ಮನೆಯವರ ಬಾಯಿಗೆ.

ಅವನು ಮಾತಿಗೆ ತಪ್ಪಲಿಲ್ಲ. ಅವತ್ತಿನಿಂದ ಸಾವ್ಕಾರನ ಕಟ್ಟೆಗೆ ಎರಡು ಬಾಟಲಿ ಬಂದವು. ಒಂದು ಮನೆಗೆ, ಒಂದು ಮೀಸಲಿಗೆ. ಮೀಸಲು ಬಾಟಲಿಯನ್ನು ಬಾಳವ್ವ ಒಯ್ದು ಫಕೀರವ್ವನ ಹೊಸ್ತಿಲ ಮೇಲೆ ಇಟ್ಟು ಬರುತ್ತಿದ್ದಳು. ಮೂರು ವರ್ಷ ಹೀಗೆ ನಡೆಯಿತು. ಫಕೀರವ್ವನಿಗೆ ಆಗ ಹಾಲಿನ ಗರಜು ಅಷ್ಟಿರಲಿಲ್ಲ. ಓಣಿಯ ಬಾಣಂತಿಯರಿಗೆ ಹಂಚುತ್ತಿದ್ದಳು. ಊರಲ್ಲಿ ಸಾವ್ಕಾರನ ಹೆಸರು ಬೆಳೆಯಿತು. ಅದು ಸುಳ್ಳು ಹೆಸರಲ್ಲ. ಮೂರು ವರ್ಷ ಅದು ನಿಜವಾದ ಹೆಸರು. ಇದನ್ನು ನೆನಪಿಡಿ.

ಆಮೇಲೆ ಒಂದು ಸಾಮಾನು ಬಂತು.

ಪಕ್ಕದ ಪಟ್ಟಣದಲ್ಲಿ ಯಾರೋ ಹಳೇ ಅಧಿಕಾರಿ ಬಂಗಲೆ ಬಿಟ್ಟು ಹೋಗುವಾಗ ಮನೆ ಸಾಮಾನು ಹರಾಜು ಹಾಕಿದರು. ಸಾವ್ಕಾರ ಚಮಚ, ಚೂರಿ ತುಂಬಿದ ಪೆಟ್ಟಿಗೆಯೊಂದನ್ನು ಕೊಂಡು ತಂದ. ಅದರೊಳಗೆ ಇದಿತ್ತು. ನಮ್ಮ ತುಪ್ಪದ ಮಿಳ್ಳೆ ಇರುತ್ತದಲ್ಲ, ಸಣ್ಣ ಬಟ್ಟಲು, ನೆಟ್ಟಗೆ ನಿಂತ ಹಿಡಿಕೆ, ಹಾಗೆಯೇ. ಆದರೆ ಹಿಡಿಕೆ ಇನ್ನೂ ಉದ್ದ, ಬಟ್ಟಲು ಇನ್ನೂ ಕಿರಿದು. ಯಾವುದಕ್ಕೆ ಎಂದು ಯಾರಿಗೂ ತಿಳಿಯಲಿಲ್ಲ. ಔಷಧ ಕುಡಿಸಲಿಕ್ಕೆ ಎಂದರು ಒಬ್ಬರು. ಕಿವಿಗೆ ಎಣ್ಣೆ ಬಿಡಲಿಕ್ಕೆ ಎಂದರು ಇನ್ನೊಬ್ಬರು. ಅಷ್ಟು ದೊಡ್ಡ ಕಿವಿ ಯಾರಿಗಿರುತ್ತದೆ ಎಂದು ಯಾರೂ ಕೇಳಲಿಲ್ಲ. ಒಂದು ತಿಂಗಳು ಅದು ಗೂಡಿನಲ್ಲಿ ಬಿದ್ದಿತ್ತು. ಒಂದು ಬೆಳಗ್ಗೆ ಸಾವ್ಕಾರ ಸುಮ್ಮನೆ ಅದನ್ನು ಹಾಲಿನ ಬಾಟಲಿಯ ಬಾಯಿಗೆ ಹಿಡಿದು ನೋಡಿದ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಇಳಿಸಿದ. ಎತ್ತಿದ. ಬಟ್ಟಲು ತುಂಬ ಕೆನೆ. ಕೆಳಗಿನ ಹಾಲು ಅಲುಗಾಡಲೂ ಇಲ್ಲ.

ನೋಡಿ, ಬಾಟಲಿಯನ್ನು ಬಗ್ಗಿಸಿ ಕೆನೆ ಸುರಿದುಕೊಂಡರೆ ಗಾಜಿನ ಮೇಲೆ ಸೋರಿದ ಗೆರೆ ಬೀಳುತ್ತದೆ, ಹಾಲೂ ಕಲಕುತ್ತದೆ, ತಪ್ಪು ಕಾಣುತ್ತದೆ. ಈ ಮಿಳ್ಳೆಗೆ ಆ ತೊಂದರೆ ಇಲ್ಲ. ಬಹಳ ಸ್ವಚ್ಛವಾದ ಸಾಮಾನು.

ಮೊದಲು ತನ್ನ ಮನೆಯ ಬಾಟಲಿಯಿಂದ ತೆಗೆದ. ಮೂರು ಮಿಳ್ಳೆ. ಬಿಸಿ ಚಪಾತಿ, ಸಕ್ಕರೆ, ಹಸಿ ಕೆನೆ. ಒಂದು ವಾರ ಹಾಗೆ ತಿಂದ. ಹೆಂಡತಿ ಒಂದು ದಿನ, “ಹಿಂಗಾದ್ರ ಮನ್ಯಾಗ ಬೆಣ್ಣಿ ಹೆಂಗ ಆಗಬೇಕ್ರಿ?” ಎಂದಳು. ಅವಳು ಹೇಳಿದ್ದೂ ಸರಿ. ಎರಡು ಬಾಟಲಿ ಅಕ್ಕಪಕ್ಕ ಇದ್ದವು. ಮಿಳ್ಳೆ ಕೈಯಲ್ಲಿತ್ತು. ಅವನು ಇನ್ನೊಂದು ಬಾಟಲಿಯ ಮುಚ್ಚಳ ಎತ್ತಿದ.

ಇಲ್ಲಿ ನೀವು ಅವನನ್ನು ಕಳ್ಳ ಎಂದುಕೊಳ್ಳುತ್ತಿದ್ದೀರಿ. ಸ್ವಲ್ಪ ತಡೆಯಿರಿ. ಅವನು ಎಷ್ಟು ನೇಮಸ್ಥ ಎಂದು ಹೇಳುತ್ತೇನೆ. ಮೀಸಲಿಗೆ ಆಳಿನ ಕೈ ಸೋಕಬಾರದು ಎಂದು ಸ್ನಾನ ಮಾಡಿ ತಾನೇ ಮುಚ್ಚಳ ಎತ್ತುತ್ತಿದ್ದ. ಮೂರು ಮಿಳ್ಳೆ ಕೆನೆಯನ್ನು ಬೇರೆ ಬಟ್ಟಲಿಗೆ ತೆಗೆಯುತ್ತಿದ್ದ. ಬಾಟಲಿ ಅಷ್ಟು ತಗ್ಗಿತಲ್ಲ? ತಗ್ಗಿದ ಬಾಟಲಿ ಕಳಿಸುವುದು ಮರ್ಯಾದೆಯಲ್ಲ. ಆದ್ದರಿಂದ ಅದೇ ಮಿಳ್ಳೆಯಿಂದ ಮೂರು ಮಿಳ್ಳೆ ನೀರು ಹಾಕುತ್ತಿದ್ದ. ಬಾವಿಯ ನೀರಲ್ಲ, ಕಾಯಿಸಿ, ಸೋಸಿ, ಆರಿಸಿದ ನೀರು. ತೆಗೆದದ್ದು ಮೂರು, ಹಾಕಿದ್ದು ಮೂರು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆ ಇಲ್ಲ. ಆಮೇಲೆ ಮುಚ್ಚಳದ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತುತ್ತಿದ್ದ.

ಬಟ್ಟಲ ಕೆನೆಯನ್ನು ಕೂಡಲೇ ತಿನ್ನುತ್ತಿದ್ದನೇ? ಇಲ್ಲ. ಮೀಸಲು ಮುಟ್ಟುವ ಮೊದಲು ತಾನು ಬಾಯಿಗೆ ಹಾಕಬಾರದಲ್ಲ. ಬಾಳವ್ವ ಬಾಟಲಿ ಇಟ್ಟು ಖಾಲಿ ಕೈಯಲ್ಲಿ ಬರುವವರೆಗೆ ಬಟ್ಟಲನ್ನು ಮುಚ್ಚಿಟ್ಟು ಕೂತಿರುತ್ತಿದ್ದ. ಹಸಿದು ಕೂತಿರುತ್ತಿದ್ದ. ಅವಳು ಬಂದಮೇಲೆ, “ಮುಟ್ಟಿತೇನು?” ಎಂದು ಕೇಳುತ್ತಿದ್ದ. “ಮುಟ್ಟಿತ್ರಿ” ಎನ್ನುತ್ತಿದ್ದಳು. ಆಮೇಲೆಯೇ ಚಪಾತಿ.

ನೇಮ ಎಲ್ಲಿ ಮುರಿಯಿತು ಹೇಳಿ. ನನಗಂತೂ ಬೇಗ ಸಿಗಲಿಲ್ಲ.

ಬಾಳವ್ವನಿಗೆ ಎಲ್ಲ ಗೊತ್ತಿತ್ತು. ಮಿಳ್ಳೆಯನ್ನು ದಿನಾ ತೊಳೆಯುತ್ತಿದ್ದವಳು ಅವಳೇ. ಜಿಡ್ಡು ಬೂದಿ ಹಾಕಿ ತಿಕ್ಕದೆ ಹೋಗುತ್ತಿರಲಿಲ್ಲ. ನಾಲ್ಕು ವರ್ಷ ತೊಳೆದಳು. ಒಂದು ಮಾತು ಆಡಲಿಲ್ಲ. ಯಾರ ಮುಂದೆ ಆಡಬೇಕು? ಆಡಿ ಯಾರ ಮನೆಗೆ ಕೆಲಸಕ್ಕೆ ಹೋಗಬೇಕು?

ಫಕೀರವ್ವನಿಗೂ ಗೊತ್ತಾಗಿತ್ತು. ಹಾಲು ಕಾಯಿಸಿದರೆ ಕೆನೆ ಕಟ್ಟುತ್ತಿರಲಿಲ್ಲ. ಆದರೆ ಯಾರೋ ಕೊಟ್ಟ ಹಾಲನ್ನು ತೆಳ್ಳಗಿದೆ ಎನ್ನುವುದು ಹೇಗೆ? ಹಾಗೆ ಅಂದರೆ ಮೊದಲು ಅನುಮಾನ ಯಾರ ಮೇಲೆ ಬರುತ್ತದೆ? ತಂದಿಟ್ಟವಳ ಮೇಲೆ. ಬಾಳವ್ವ ಹುಟ್ಟಿದ್ದೂ ಫಕೀರವ್ವನ ಕೈಯಲ್ಲೇ. ಹೀಗಾಗಿ ಅವಳೂ ಸುಮ್ಮನಿದ್ದಳು. ಆ ಹಾಲು ದಿನಾ ಬೆಳಗ್ಗೆ ಮೂರು ಮೌನಗಳನ್ನು ದಾಟಿ ಹೊಸ್ತಿಲಿಗೆ ಬರುತ್ತಿತ್ತು. ಮೂರೂ ಒಂದೇ ಥರ ಕಾಣುತ್ತಿದ್ದವು. ಒಂದೇ ಅಲ್ಲ.

ಹೀಗಿರುವಾಗ ಫಕೀರವ್ವನ ಮಗಳು ತೀರಿಕೊಂಡಳು. ಊರಿನ ಎಲ್ಲ ಹೆರಿಗೆ ಮಾಡಿಸಿದವಳ ಮಗಳು, ಗಂಡನ ಊರಲ್ಲಿ ಹೆತ್ತು ಎಂಟನೇ ದಿನಕ್ಕೆ ಜ್ವರ ಬಂದು. ಫಕೀರವ್ವ ಅವತ್ತೇ ಹೊರಟಳು. ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಹೆಣ್ಣು ಕೂಸು. ಆವತ್ತಿನಿಂದ ಆ ಬಾಟಲಿ ಬಾಣಂತಿಯರಿಗೆ ಹೋಗುವುದು ನಿಂತಿತು. ಅದೇ ಕೂಸಿನ ಊಟ.

ಕೂಸಿಗೆ ಎರಡು ವರ್ಷವಾಯಿತು. ನಡೆಯುವ ಹೊತ್ತಿಗೆ ನಡೆಯಲಿಲ್ಲ. ಕೈಕಾಲು ಕಡ್ಡಿ. ಅಜ್ಜಿಯ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿಯದೆ ನಿದ್ದೆ ಮಾಡುತ್ತಿರಲಿಲ್ಲ. ಸರಕಾರಿ ದವಾಖಾನೆಯ ಡಾಕ್ಟರು ತೂಕ ಹಾಕಿ ನೋಡಿ, ಏನು ಕುಡಿಸುತ್ತೀ ಎಂದು ಕೇಳಿದರು. ದಿನಾ ಒಂದು ಬಾಟಲಿ ಹಾಲು ಎಂದಳು. ಅಷ್ಟು ಹಾಲು ಕುಡಿಯುವ ಕೂಸು ಹೀಗಿರುವುದಿಲ್ಲ ಎಂದರು ಡಾಕ್ಟರು. ಅವರೂ ಸುಳ್ಳು ಹೇಳಲಿಲ್ಲ.

ಡಾಕ್ಟರಿಗೆ ಹಾಲಿನ ಮೇಲೆಯೇ ಮೊದಲು ಅನುಮಾನ. ಹಾಲು ಪರೀಕ್ಷೆ ಮಾಡುವ ಗಾಜಿನ ಕೊಳವೆ, ಲ್ಯಾಕ್ಟೋಮೀಟರ್ ಎನ್ನುತ್ತಾರೆ, ತಂದರು. ಮೂರು ದಿನ ಫಕೀರವ್ವನ ಹೊಸ್ತಿಲಲ್ಲೇ ನಿಂತು, ಬಾಳವ್ವ ಬಾಟಲಿ ಇಟ್ಟ ಕೂಡಲೇ ಅಳೆದರು. ಮೊದಲ ದಿನ ಸಾವ್ಕಾರನಿಗೆ ಚಪಾತಿ ಇಳಿಯಲಿಲ್ಲ. ಸಂಜೆ ಡಾಕ್ಟರು ಅವನ ಕಟ್ಟೆಗೆ ಬಂದು, “ಸಾವ್ಕಾರ್ರ, ನಿಮ್ಮ ಹಾಲು ಅಪ್ಪಟ. ಇಪ್ಪತ್ತೊಂಬತ್ತು ತೋರಿಸ್ತದ” ಎಂದರು.

ಅದು ಹೇಗೆ? ನೋಡಿ, ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಕೆನೆ ಹಗುರ. ಕೆನೆ ತೆಗೆದರೆ ಉಳಿದ ಹಾಲು ಭಾರವಾಗುತ್ತದೆ, ಕೊಳವೆ ಮೇಲೆ ತೇಲುತ್ತದೆ. ನೀರು ಹಾಕಿದರೆ ಹಾಲು ಹಗುರಾಗುತ್ತದೆ, ಕೊಳವೆ ಕೆಳಗೆ ಇಳಿಯುತ್ತದೆ. ಬರೀ ಕೆನೆ ತೆಗೆದಿದ್ದರೆ ಅವನು ಸಿಕ್ಕಿಬೀಳುತ್ತಿದ್ದ. ಬರೀ ನೀರು ಹಾಕಿದ್ದರೂ ಸಿಕ್ಕಿಬೀಳುತ್ತಿದ್ದ. ಅವನು ಎರಡನ್ನೂ ಮಾಡಿದ್ದ, ಅದೂ ಸಮಸಮ ಅಳತೆಯಲ್ಲಿ. ಒಂದು ತಪ್ಪು ಕೊಳವೆಯನ್ನು ಮೇಲಕ್ಕೆ ಎತ್ತಿತು, ಇನ್ನೊಂದು ತಪ್ಪು ಕೆಳಕ್ಕೆ ಎಳೆಯಿತು. ಎರಡೂ ಸೇರಿ ಅದನ್ನು ಶುದ್ಧ ಎಂಬ ಗೆರೆಯ ಮೇಲೆ ನಿಲ್ಲಿಸಿದವು.

ಸಾವ್ಕಾರನಿಗೆ ಇದು ಯಾವುದೂ ತಿಳಿದಿರಲಿಲ್ಲ. ಯಂತ್ರ ಶುದ್ಧ ಎಂದಿತು, ಅಷ್ಟೇ ಅವನಿಗೆ ತಿಳಿದದ್ದು. ಆ ಸಂಜೆ ಅವನಿಗೆ ತಾನು ತಪ್ಪು ಮಾಡಿಯೇ ಇಲ್ಲ ಎನ್ನಿಸಿತು. ಮರುದಿನವೂ ಮೂರು ತೆಗೆದ, ಮೂರು ಹಾಕಿದ.

ಹಾಲು ಸರಿ ಇದೆ, ಕೂಸು ಸರಿ ಇಲ್ಲ. ಹಾಗಾದರೆ ತಪ್ಪು ಎಲ್ಲಿರಬೇಕು? ಹಾಲಿಗೂ ಕೂಸಿಗೂ ನಡುವೆ ಇರುವವಳ ಹತ್ತಿರ. ಫಕೀರವ್ವ ಹಾಲನ್ನು ಚಹಾದಂಗಡಿಗೆ ಕೊಡುತ್ತಾಳಂತೆ ಎಂದು ಯಾರೋ ಅಂದರು. ‘ಅಂತೆ’ ಎರಡು ದಿನದಲ್ಲಿ ಬಿದ್ದುಹೋಯಿತು, ಕೊಡುತ್ತಾಳೆ ಎಂಬುದು ಉಳಿಯಿತು. ಅಪ್ಪನ ಊರಲ್ಲಿದ್ದ ಕೂಸಿನ ದೊಡ್ಡಪ್ಪನಿಗೆ ಸುದ್ದಿ ಹೋಯಿತು. ಅವನು ಬಂದ. ಕೆಟ್ಟವನಲ್ಲ. ನಮ್ಮ ಕೂಸು, ನಾವು ಒಯ್ಯುತ್ತೇವೆ ಎಂದ.

ಮಠದ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಅಜ್ಜಾರು, ಡಾಕ್ಟರು, ದೊಡ್ಡಪ್ಪ, ಊರಿನ ನಾಲ್ಕು ಹಿರಿಯರು. ಹಾಲು ಕೊಟ್ಟವನೆಂದು ಸಾವ್ಕಾರ. ತಂದವಳೆಂದು ಬಾಳವ್ವ, ಅವತ್ತಿನ ಬಾಟಲಿಯ ಜೊತೆ. ಕೂಸು ಫಕೀರವ್ವನ ತೊಡೆಯ ಮೇಲೆ ಮಲಗಿತ್ತು, ಸೆರಗು ಹಿಡಿದುಕೊಂಡು.

ಡಾಕ್ಟರು ಎಲ್ಲರ ಮುಂದೆ ಹಾಲನ್ನು ಗಾಜಿನ ಪಾತ್ರೆಗೆ ಸುರಿದು ಕೊಳವೆ ಬಿಟ್ಟರು. ಇಪ್ಪತ್ತೊಂಬತ್ತು.

“ಹಾಲು ಚಲೋ ಅದ. ಕೂಸು ಚಲೋ ಇಲ್ಲ. ನಡಕ ಏನಾಗ್ತದ ಫಕೀರವ್ವ?”

“ನಡಕ ನಾ ಅದೀನ್ರಿ.”

“ಚಾದಂಗಡಿಗೆ ಹೋಗ್ತದ ಅಂತಾರ ಮಂದಿ,” ಎಂದರು ಹಿರಿಯರೊಬ್ಬರು.

“ಚಾದಂಗಡ್ಯಾಗ ಕೇಳ್ರಿ.”

“ಕೇಳೇವಿ. ಇಲ್ಲ ಅಂದ.”

“ಮತ್ತ?”

“ಇಲ್ಲ ಅನ್ನಾಕ ಅವಗೇನು ಖರ್ಚು?”

ಫಕೀರವ್ವ ಮುಖ ತಿರುಗಿಸಿದಳು. ತಪ್ಪು ಮಾಡಿದವಳು, ಬಾಯಿ ಕಟ್ಟಿತು ಎಂದುಕೊಂಡರು ಕೂತವರು. ಅವಳು ನೋಡುತ್ತಿದ್ದದ್ದು ಬಾಳವ್ವನನ್ನು.

“ಬಾಳವ್ವ, ನಾ ಒಂದು ಮಾತು ಅಂತೀನಿ. ನೀ ತಪ್ಪು ತಿಳೀಬ್ಯಾಡ.”

“ನಾ ಏನ್ ತಿಳೀಲಿ ಯವ್ವಾ. ನೀ ಅನ್ನು.”

“ಅಜ್ಜಾರ, ಹಾಲು ಕುಂದರಸ್ರಿ,” ಎಂದಳು ಫಕೀರವ್ವ. “ಡಾಕ್ಟರ ಕೊಳವಿಗೆ ಅವಸರ ಭಾಳ ಐತಿ. ಹಾಲಿಗೆ ಹೊತ್ತು ಬೇಕು. ಮಠಕ್ಕೂ ಅದ ಗಾಡಿ ಹಾಲು ಬರ್ತೈತಿ. ಅದನ್ನೂ ತರಸ್ರಿ. ಎರಡೂ ಜತಿಗೆ ಇಟ್ಟು ಸುಮ್ನ ಕುಂದರೂಣು.”

ಡಾಕ್ಟರು ನಕ್ಕರು. ಅಜ್ಜಾರು ನಗಲಿಲ್ಲ. ಅಡುಗೆಮನೆಯಿಂದ ಮುಚ್ಚಳ ತೆಗೆಯದ ಬಾಟಲಿ ತರಿಸಿದರು. ಮೀಸಲು ಹಾಲನ್ನು ಮತ್ತೆ ಅದರ ಬಾಟಲಿಗೆ ತುಂಬಿದರು. ಎರಡನ್ನೂ ಒಂದೇ ಸಮ ಅಲುಗಾಡಿಸಿ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟರು.

ಆಮೇಲೆ ಎಲ್ಲರೂ ಕೂತರು, ಬಾಳವ್ವ ಮಾತ್ರ ಕಂಬಕ್ಕೆ ಒರಗಿ ನಿಂತಳು.

ಒಂಬತ್ತು ಜನ ದೊಡ್ಡವರು ಎರಡು ಹಾಲಿನ ಬಾಟಲಿಗಳನ್ನು ನೋಡುತ್ತ ಒಂದೂವರೆ ತಾಸು ಕೂತದ್ದನ್ನು ಕಲ್ಪಿಸಿಕೊಳ್ಳಿ. ಮೊದಲ ಹತ್ತು ನಿಮಿಷ ಜನ ಮಾತಾಡುತ್ತಾರೆ. ಮಳೆ, ಶೇಂಗಾ ದರ, ಯಾರದೋ ಮಗಳ ನಿಶ್ಚಯ. ಆಮೇಲೆ ಕೆಮ್ಮುತ್ತಾರೆ. ಆಮೇಲೆ ಕೆಮ್ಮಲಿಕ್ಕೂ ಸಂಕೋಚವಾಗುತ್ತದೆ. ದೊಡ್ಡಪ್ಪ ಬಸ್ಸಿನ ಹೊತ್ತು ಲೆಕ್ಕ ಹಾಕಿದ. ಸಾವ್ಕಾರ ಬೆರಳಿನ ಉಂಗುರ ತಿರುಗಿಸಿದ. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ತನ್ನ ಒಳಗಿನ ಸದ್ದು ಕೇಳುತ್ತದೆ, ಅದಕ್ಕೇ ನಾವು ಯಾರೂ ಅಷ್ಟು ಹೊತ್ತು ಸುಮ್ಮನೆ ಕೂರುವುದಿಲ್ಲ.

ಮಠದ ಬಾಟಲಿಯ ಕುತ್ತಿಗೆಯಲ್ಲಿ ಮೊದಲು ಒಂದು ಎಳೆ ಕಂಡಿತು. ಎಳೆ ಗೆರೆಯಾಯಿತು. ಗೆರೆ ಬೆರಳಗಲದ ಪಟ್ಟಿಯಾಯಿತು, ಹಳದಿ. ಪಕ್ಕದ ಬಾಟಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣ. ಬಿಳಿ, ಸ್ವಲ್ಪ ನೀಲಿಗೆ ತಿರುಗಿದ ಬಿಳಿ.

ಡಾಕ್ಟರು ಮತ್ತೆ ಒಂದಿಷ್ಟು ಹಾಲು ತೆಗೆದುಕೊಂಡು ಕೊಳವೆ ಬಿಟ್ಟು ನೋಡಿದರು. ಅದು ಇನ್ನೂ ಇಪ್ಪತ್ತೊಂಬತ್ತೇ ಹೇಳುತ್ತಿತ್ತು. ಅವರು ಅದನ್ನು ಒರೆಸಿ ಡಬ್ಬಿಯಲ್ಲಿಟ್ಟರು.

ಈಗ ಎಲ್ಲರ ಕಣ್ಣು ಎಲ್ಲಿ ಹೋದವು ಎಂದು ನೀವು ಬಲ್ಲಿರಿ. ಸಾವ್ಕಾರನ ಕಡೆಗೆ ಒಂದು ಕಣ್ಣೂ ಹೋಗಲಿಲ್ಲ.

“ಬಾಳವ್ವ, ಕೆನಿ ಯಾರು ತಗದ್ರು?” ಎಂದರು ಅಜ್ಜಾರು.

“ನಾ ಬಾಟ್ಲಿ ಒಯ್ಯಾಕಿ ರೀ ಅಜ್ಜಾರ. ಮುಚ್ಚಳ ನನ್ನ ಕೆಲಸ ಅಲ್ಲ.”

“ಕೆಲಸ ಅಲ್ಲದ್ದು ಮಾಡೂದಕ್ಕ ಕಳವು ಅಂತಾರ,” ಎಂದರು ಹಿರಿಯರೊಬ್ಬರು. ಇಬ್ಬರು ನಕ್ಕರು.

ಕಂಬಕ್ಕೆ ಒರಗಿದ್ದ ಬಾಳವ್ವ ನೆಟ್ಟಗೆ ನಿಂತಳು.

ಇಲ್ಲಿ ನಾನು ಕಥೆ ನಿಲ್ಲಿಸುತ್ತೇನೆ. ಸಾವ್ಕಾರನ ಜಾಗದಲ್ಲಿ ಸ್ವಲ್ಪ ಕೂತುನೋಡಿ. ಅವನು ಒಂದೇ ಒಂದು ಸುಳ್ಳು ಹೇಳಬೇಕಾಗಿರಲಿಲ್ಲ. ಯಾರ ಮೇಲೂ ಬೆರಳು ತೋರಿಸಬೇಕಾಗಿರಲಿಲ್ಲ. ಸುಮ್ಮನೆ ಕೂತರೆ ಸಾಕಿತ್ತು. ಅಜ್ಜಿಗೆ ಕೂಸು ಉಳಿಯುತ್ತಿತ್ತು, ನಾಳೆಯಿಂದ ಒಳ್ಳೆಯ ಹಾಲು ಕಳಿಸಿದರಾಯಿತು. ಬಾಳವ್ವನ ಹೆಸರು ಹೋಗುತ್ತಿತ್ತು. ಅವಳನ್ನು ಬಿಡಿಸದೆ ಕೆಲಸಕ್ಕೆ ಇಟ್ಟುಕೊಂಡರೆ, ಕಳ್ಳಿಯನ್ನೂ ಕ್ಷಮಿಸಿದ ದೊಡ್ಡ ಮನುಷ್ಯ ಎಂದು ಇನ್ನೊಂದು ಹೆಸರು ಅವನಿಗೇ ಬರುತ್ತಿತ್ತು. ಹೇಳಿ, ನೀವಾದರೆ ಬಾಯಿ ಬಿಡುತ್ತಿದ್ದಿರಾ? ತಲೆ ಅಲ್ಲಾಡಿಸಬೇಡಿ. ಹೌದು ಎನ್ನುವುದು ಇಲ್ಲಿ ಕೂತು ಸುಲಭ.

ಅವನೂ ಬಾಯಿ ಬಿಡಲಿಲ್ಲ. ಹಿರಿಯರು ಬಾಳವ್ವನಿಗೆ ಏನು ಮಾಡಬೇಕೆಂದು ಮಾತಾಡತೊಡಗಿದರು. ಅಷ್ಟರಲ್ಲಿ ಕೂಸು ಎದ್ದಿತು. ಹಸಿವು. ಸಣ್ಣಗೆ ಅತ್ತಿತು, ದೊಡ್ಡದಾಗಿ ಅಳುವ ಶಕ್ತಿ ಅದಕ್ಕಿರಲಿಲ್ಲ. ಫಕೀರವ್ವ ಸೊಂಟದಿಂದ ಅದರ ಬಟ್ಟಲು ತೆಗೆದಳು. ಎದುರಿಗೆ ಎರಡು ಬಾಟಲಿ ಇದ್ದವು. ಅವಳು ಕೈ ಚಾಚಿದ್ದು ನೀಲಿ ಬಿಳುಪಿನ ಬಾಟಲಿಗೆ.

“ಆ ಇನ್ನೊಂದು ತಗೊ, ಫಕೀರವ್ವ,” ಎಂದರು ಅಜ್ಜಾರು.

“ಅದು ಮಠದ್ದು ರೀ. ನಮ್ಮದು ಇದು.”

ಬಟ್ಟಲಿಗೆ ಸುರಿದಳು. ಇನ್ನೇನು ಕೂಸಿನ ತುಟಿಗೆ ಹಿಡಿಯಬೇಕು.

“ಅದನ್ನ ಕುಡಸಬ್ಯಾಡ,” ಎಂದ ಸಾವ್ಕಾರ.

ಎಲ್ಲರೂ ತಿರುಗಿದರು.

“ಯಾಕ್ರಿ ಸಾವ್ಕಾರ್ರ?”

“ಅದರಾಗಿನ ಕೆನಿ ನಾ ತಿಂದೇನಿ.”

ಫಕೀರವ್ವ ಬಟ್ಟಲನ್ನು ಕೂಸಿನ ತುಟಿಯ ಹತ್ತಿರದಿಂದ ಹಿಂದಕ್ಕೆ ತಂದಳು.

“ಎಷ್ಟು ದಿನ ಆತು?” ಎಂದರು ಅಜ್ಜಾರು.

“ನಾಕು ವರ್ಷ. ಬಾಳವ್ವ ಮುಟ್ಟಿಲ್ಲ. ಮುಚ್ಚಳ ನಾನ ತಗೀತಿದ್ದೆ, ನಾನ ಒತ್ತತಿದ್ದೆ.” ಆಮೇಲೆ, ಅದೂ ತನ್ನ ಪರವಾಗಿ ಇರಲಿ ಎಂದೋ ಏನೋ, ಸೇರಿಸಿದ. “ಆದ್ರ ಮೀಸಲು ಮುರದಿಲ್ಲ ಅಜ್ಜಾರ. ಬಾಟ್ಲಿ ಆಕೀ ಮನಿ ಮುಟ್ಟಿದ ಮ್ಯಾಲೇ ಬಾಯಾಗ ಹಾಕ್ಕೊಂಡೇನಿ.”

“ಅಲ್ಲೀತನಕ ಕಾಯ್ತಿದ್ದಿ?”

“ಹೌದ್ರಿ.”

“ಹಸದು?”

“ಹಸದು.”

ಫಕೀರವ್ವ ಬಟ್ಟಲಿನ ಹಾಲನ್ನು ಬಾಟಲಿಗೆ ವಾಪಸು ಸುರಿದಳು. ಒಂದು ಹನಿ ಚೆಲ್ಲಲಿಲ್ಲ. ಬೈಯಲಿಲ್ಲ, ಅಳಲಿಲ್ಲ. ಒಂದೇ ಮಾತು ಅಂದಳು.

“ಸಾವ್ಕಾರ್ರ, ನಿಮ್ಮ ಮಗನ್ನ ನಾ ಪೂರಾ ತಗದು ಕೊಟ್ಟಿದ್ದೆ.”

ಕಥೆ ಇಷ್ಟೇ. ದೊಡ್ಡಪ್ಪ ಚಹಾ ಕುಡಿದು ಸಂಜೆಯ ಬಸ್ಸಿಗೆ ಒಬ್ಬನೇ ಹೋದ. ಮರುದಿನದಿಂದ ಬಾಟಲಿ ಮುಚ್ಚಳ ಎತ್ತದೆ ಬಂತು. ಕೂಸು ದಪ್ಪಗಾಯಿತೇ? ಸ್ವಲ್ಪ. ಆದರೆ ನಡೆಯಿತು. ಬಾಳವ್ವನನ್ನು ಕಳ್ಳಿ ಎಂದ ಹಿರಿಯರು ಅವಳಿಗೆ ತಪ್ಪಾಯಿತು ಎಂದು ಹೇಳಿದರೇ? ಇಲ್ಲ. ಅವರಿಗೆ ಅವತ್ತು ಕೆಲಸವಿತ್ತು. ಸಾವ್ಕಾರ ಆ ಮಿಳ್ಳೆಯನ್ನು ಮಠಕ್ಕೆ ತಂದುಕೊಟ್ಟ. ಅಲ್ಲಿ ಅದರಿಂದ ದೀಪಕ್ಕೆ ಎಣ್ಣೆ ಹಾಕುತ್ತಾರಂತೆ. ಬಹಳ ಅನುಕೂಲವಂತೆ, ಹೊರಗೆ ಒಂದು ಹನಿ ಬೀಳುವುದಿಲ್ಲವಂತೆ.

ಈಗ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಆ ಸಾಮಾನು ಇಲ್ಲ ಎಂದುಕೊಂಡಿದ್ದೀರಿ. ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ನಮಗೇನು?

ಬಟ್ಟೆಯಂಗಡಿಗೆ ಹೋಗಿ ಏನೆಂದು ಕೇಳುತ್ತೀರಿ? “ಕೊಡೂ ಸೀರಿ ತೋರಸ್ರಿ.” ಅಂಗಡಿಯವನು ಮರುಪ್ರಶ್ನೆ ಮಾಡುವುದಿಲ್ಲ. ಉಡುವ ಸೀರೆಗಳ ಕಪಾಟು ಬೇರೆ, ಕೊಡುವ ಸೀರೆಗಳ ಕಪಾ​ಟು ಬೇರೆ ಎಂದು ಅವನಿಗೂ ಗೊತ್ತು, ನಿಮಗೂ ಗೊತ್ತು. ಆ ಮಿಳ್ಳೆ ನಿಮ್ಮ ಕೈಯಲ್ಲಿದೆ. ಉಡಿ ತುಂಬಿದ ಕುಪ್ಪಸದ ಖಣ ಹತ್ತು ಮನೆ ತಿರುಗಿ ನಿಮ್ಮ ಮನೆಗೇ ಬಂದಿದೆಯಲ್ಲ, ಯಾರೂ ಹೊಲಿಸಿಕೊಂಡಿಲ್ಲವಲ್ಲ, ಯಾಕೆ? ಹಳೆಯ ರೇಷ್ಮೆ ಸೀರೆಯ ಜರಿ ಬಿಡಿಸಿ ಮಾರಿ, ಉಳಿದದ್ದನ್ನು ಕೆಲಸದವಳಿಗೆ ಕೊಟ್ಟು, ರೇಷ್ಮೆ ಸೀರೆ ಕೊಟ್ಟೆ ಎಂದಿರಲ್ಲ? ಅಂಗಡಿಯಲ್ಲಿ ದೇವರಿಗೆ ಎಂದೇ ಬೇರೆ ಅಡಿಕೆ ಸಿಗುತ್ತದೆ. ತಿನ್ನಲು ಬಾರದ್ದು. ದೇವರು ಮಾತಾಡುವುದಿಲ್ಲ. ಬಾಳವ್ವನೂ ಮಾತಾಡುತ್ತಿರಲಿಲ್ಲ.

ಮಾತಿನಲ್ಲೂ ಮಿಳ್ಳೆ ಇದೆ. ಅದು ಎಲ್ಲಕ್ಕಿಂತ ಸ್ವಚ್ಛವಾದದ್ದು. ಮನೆಯವಳು ಒಂದು ವಿಷಯ ಕೇಳುತ್ತಾಳೆ. ಮುಖ್ಯವಾದದ್ದನ್ನು ಮೆಲ್ಲಗೆ ಎತ್ತಿ ಬದಿಗಿಡುತ್ತೀರಿ. ಬಾಟಲಿ ತಗ್ಗಿ ಕಾಣಬಾರದೆಂದು ಬೇರೆ ಸುದ್ದಿ ಅಷ್ಟೇ ಅಳತೆಯಲ್ಲಿ ತುಂಬುತ್ತೀರಿ. ಪ್ರತಿ ಮಾತೂ ನಿಜ. ಯಾವ ಕೊಳವೆ ಬಿಟ್ಟರೂ ಇಪ್ಪತ್ತೊಂಬತ್ತೇ ತೋರಿಸುತ್ತದೆ. ಆದರೆ ಆ ಮಾತು ಕುಡಿದು ಬದುಕಬೇಕಾದವರು ಮನೆಯಲ್ಲಿ ದಿನದಿನಕ್ಕೆ ಸಣ್ಣಗಾಗುತ್ತಾರೆ. ಯಾಕೆ ಸೊರಗುತ್ತೀ ಎಂದು ಅವರನ್ನೇ ಕೇಳುತ್ತೀರಿ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಹೇಳುವುದಿಲ್ಲ. ನಾಳೆ ಬೆಳಗ್ಗೆ ಯಾರಿಗಾದರೂ ಏನಾದರೂ ಕೊಡುವಾಗ ಮುಚ್ಚಳ ಎತ್ತಬೇಡಿ. ಪೂರಾ ಕೊಡಲು ಮನಸ್ಸಿಲ್ಲವೇ, ಅರ್ಧ ಕೊಡಿ. ಅರ್ಧ ಎಂದು ಹೇಳಿ ಕೊಡಿ. ಅರ್ಧ ಬಾಟಲಿಯಲ್ಲಿ ಅವಮಾನವಿಲ್ಲ. ಸಾವ್ಕಾರ ಅರ್ಧ ಬಾಟಲಿ ಒಳ್ಳೆಯ ಹಾಲು ಕಳಿಸಿದ್ದರೆ ಆ ಕೂಸು ಒಂದು ವರ್ಷ ಮೊದಲೇ ನಡೆಯುತ್ತಿತ್ತು. ಕೂಸನ್ನು ಕಾಲ ಮೇಲೆ ನಿಲ್ಲದಂತೆ ಮಾಡಿದ್ದು ತುಂಬಿದ ಬಾಟಲಿ. ಇನ್ನೊಂದು, ಮನೆಯಲ್ಲಿ ಏನಾದರೂ ಕಡಿಮೆ ಬಿದ್ದಾಗ, ಕಾಣೆಯಾದಾಗ, ಮೊದಲು ತಂದವರನ್ನು ಕೇಳಬೇಡಿ. ಕೊಟ್ಟವರಿಂದ ಶುರುಮಾಡಿ. ಕೊಟ್ಟವರು ನೀವೇ ಆಗಿದ್ದರೆ ನಿಮ್ಮಿಂದ. ಯಾರೋ ಬಡವರು ನಿಮ್ಮ ತಪ್ಪಿಗೆ ಕಂಬದ ಹತ್ತಿರ ನಿಂತಿರುವಾಗ ಸುಮ್ಮನಿರುವುದನ್ನು ತಾಳ್ಮೆ ಎಂದು ಕರೆಯಬೇಡಿ.

ಒಳಗೆ ಪ್ರಸಾದ ಆಗಿದೆ. ಗೋಧಿ ಹುಗ್ಗಿ. ಬರುವಾಗ ನಾನು ಕೊಪ್ಪರಿಗೆ ನೋಡಿ ಬಂದೆ, ತುಪ್ಪವೆಲ್ಲ ಮೇಲೆ ತೇಲಿ ನಿಂತಿದೆ. ಪ್ರತಿ ಸಲ ಅದು ಮುಂದಿನ ಎರಡು ಪಂಕ್ತಿಯಲ್ಲೇ ಮುಗಿಯುವುದನ್ನೂ ನೋಡಿದ್ದೇನೆ. ಬಡಿಸುವವರು ಎದ್ದೇಳಿ. ಸೌಟನ್ನು ತಳದವರೆಗೆ ಇಳಿಸಿ, ಎರಡು ಸುತ್ತು ಕಲಕಿ. ಇವತ್ತು ಕಂಬದ ಆಚೆಯಿಂದ ಶುರುಮಾಡಿ.